ನೂರಿಪ್ಪತ್ತರಲ್ಲಿ ನಿಂತ ಮುಳ್ಳು

“ಮುಳ್ಳಿಗೆ ಸುಳ್ಳು ಹೇಳಿ ಏನಾಗಬೇಕಮ್ಮ? ಅದಕ್ಕೇನು ಹೆಂಡತಿ ಮಕ್ಕಳಾ, ಹೊಟ್ಟೆಪಾಡಾ?” ಎಂದು ತನಿಖಾಧಿಕಾರಿ ಕೇಳಿದರು. ಎದುರಿನ ಕುರ್ಚಿಯಲ್ಲಿ ಕುಳಿತಿದ್ದ ನನ್ನ ಗಂಡ, ಅದೂ ನಿಜವೇ ಎನ್ನುವಂತೆ ತಲೆಯಾಡಿಸಿದರು.

ಒಬ್ಬ ಮನುಷ್ಯ ಬಾಯಿಯನ್ನೇ ತೆರೆಯದೆ ಎಷ್ಟು ದೊಡ್ಡ ಸುಳ್ಳು ಹೇಳಬಲ್ಲ ಎಂಬುದನ್ನು ನಾನು ಅಂದು ಕಂಡೆ. ಶಾಲೆಯಲ್ಲಿ ಭೌತವಿಜ್ಞಾನ ಕಲಿಸುವವಳು ನಾನು. ನಕಲು ಮಾಡಿ ಸಿಕ್ಕಿಬಿದ್ದ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಅತ್ಯಂತ ಭಂಡನಾದವನೂ ಒಂದು ಕ್ಷಣವಾದರೂ ನೆಲ ನೋಡುತ್ತಾನೆ. ನನ್ನ ಗಂಡ ನೆಲ ನೋಡಲಿಲ್ಲ. ಅಧಿಕಾರಿಯ ಮುಖವನ್ನೇ ನೋಡಿದರು, ಅದೂ ನಗುತ್ತ.

ಪರವಾನಗಿ ಕಚೇರಿಯ ಆ ಕೋಣೆಯಲ್ಲಿ ನಾವು ನಾಲ್ಕೇ ಜನರಿದ್ದೆವು. ಮೂಲೆಯ ಬೆಂಚಿನ ಮೇಲೆ ನನ್ನ ತಂಗಿ, ಪ್ಲಾಸ್ಟರಿನ ಬಲಗಾಲನ್ನು ನೀಳವಾಗಿ ಚಾಚಿಕೊಂಡು, ಊರುಗೋಲನ್ನು ಎದೆಗೆ ಒರಗಿಸಿಕೊಂಡು ಕುಳಿತಿದ್ದಳು. ಮೇಜಿನ ಮೇಲೆ ಅವಳ ಬೈಕಿನ ಮೀಟರು ಇತ್ತು. ಗಾಜು ಒಡೆದಿತ್ತು, ತಂತಿಗಳು ಕರುಳಿನಂತೆ ಹೊರಬಂದಿದ್ದವು. ಆದರೆ ಮುಳ್ಳು ಮಾತ್ರ ಅಪ್ಪಣೆ ಪಡೆದು ನಿಂತಂತೆ ನೂರಿಪ್ಪತ್ತರ ಮೇಲೆ ನೆಟ್ಟಗೆ ನಿಂತಿತ್ತು. ಈ ಬಗೆಯ ಮೀಟರಿನಲ್ಲಿ ವಿದ್ಯುತ್ತು ಕಡಿದುಹೋದ ಗಳಿಗೆಯಲ್ಲಿ ಮುಳ್ಳು ಎಲ್ಲಿರುತ್ತದೋ ಅಲ್ಲೇ ಉಳಿಯುತ್ತದೆ. ಹಾಗಾಗಿ ಅಧಿಕಾರಿಗಳಿಗೆ ಅದು ಸಾಕ್ಷಿಗಳಲ್ಲೆಲ್ಲ ಅಚ್ಚುಮೆಚ್ಚಿನ ಸಾಕ್ಷಿ.

ನನ್ನ ತಂಗಿಯ ಕೆಲಸ ರಕ್ತದ ಮಾದರಿಗಳನ್ನು ಸಾಗಿಸುವುದು. ಸುತ್ತಲಿನ ಸಣ್ಣ ಆಸ್ಪತ್ರೆಗಳಲ್ಲಿ ತೆಗೆದ ಮಾದರಿಗಳನ್ನು ತಂಪುಪೆಟ್ಟಿಗೆಯಲ್ಲಿಟ್ಟು, ಬೈಕಿನ ಹಿಂಭಾಗಕ್ಕೆ ಬಿಗಿದು, ದೊಡ್ಡ ಪ್ರಯೋಗಾಲಯಕ್ಕೆ ಮುಟ್ಟಿಸುತ್ತಾಳೆ. ಹಾಗೆ ಹೋಗುವಾಗ, ಕಲ್ಲುಗಣಿಯ ಅಡ್ಡರಸ್ತೆಯಿಂದ ಒಂದು ಲಾರಿ ದೀಪವಿಲ್ಲದೆ, ಹಾರನ್ನಿಲ್ಲದೆ ಹೆದ್ದಾರಿಗೆ ನುಗ್ಗಿತು. ಬ್ರೇಕು ಒತ್ತಲೂ ಪುರಸೊತ್ತಿಲ್ಲದೆ ಅವಳು ಅದರ ಹಿಂಬದಿಯ ಮೂಲೆಗೆ ಬಡಿದು ಬಿದ್ದಳು. ಲಾರಿಯವನು ಮಾತ್ರ ‘ನೂರರ ರಸ್ತೆಯಲ್ಲಿ ನೂರಿಪ್ಪತ್ತರಲ್ಲಿ ಬಂದಳು’ ಎಂದು ಬರೆದುಕೊಟ್ಟ. ಅಧಿಕಾರಿ ಅದನ್ನು ಒಪ್ಪಿದರೆ ಅವಳ ಪರವಾನಗಿ ರದ್ದು. ಪರವಾನಗಿ ಇಲ್ಲದವಳಿಗೆ ಪ್ರಯೋಗಾಲಯದಲ್ಲಿ ಕೆಲಸವಿಲ್ಲ. ಕಾಲು ಕೂಡುತ್ತದೆ ಎಂದು ವೈದ್ಯರು ಹೇಳಿದ್ದರು. ಮುರಿದ ಅನ್ನಕ್ಕೆ ಪ್ಲಾಸ್ಟರು ಹಾಕುವ ವೈದ್ಯರು ಎಲ್ಲಿದ್ದಾರೆ?

“ನೀವು ಮುಳ್ಳು ನೋಡಿದ್ರಾ?” ಎಂದು ಅಧಿಕಾರಿ ಅವಳನ್ನು ಕೇಳಿದ್ದರು.

“ನೋಡಿದ್ದೆ ಸಾರ್.”

“ಎಷ್ಟಿತ್ತು?”

“ನೂರಿಪ್ಪತ್ತು.”

“ಮುಗೀತಲ್ಲ ಮತ್ತೆ!”

“ಮುಗೀಲಿಲ್ಲ ಸಾರ್. ನನ್ನ ಗಾಡೀಲಿ ಮುಳ್ಳು ನೂರಿಪ್ಪತ್ತು ಅಂದ್ರೆ ರಸ್ತೇಲಿ ನೂರು. ಸೇತುವೆ ಹತ್ರ ವೇಗ ತೋರ್ಸೋ ಬೋರ್ಡ್ ಹಾಕಿದ್ದಾರಲ್ಲ, ಅದರ ಮುಂದೆ ದಿನಾ ಹೋಗ್ತೀನಿ. ಮುಳ್ಳಲ್ಲಿ ಅರವತ್ತು ಇದ್ರೆ ಬೋರ್ಡಲ್ಲಿ ಐವತ್ತು ಬರುತ್ತೆ. ಆರರಲ್ಲಿ ಒಂದು ಪಾಲು ಕಳೆದೇ ಓಡ್ಸೋದು ನಾನು.”

“ಓಹೋ! ಊರಿಗೆಲ್ಲ ಒಂದು ಲೆಕ್ಕ, ನಿಮ್ಮ ಮುಳ್ಳಿಗೇ ಒಂದು ಲೆಕ್ಕ. ಈ ಕುರ್ಚೀಲಿ ಕೂತು ನಾನು ಎಷ್ಟು ಬಗೆಯ ಗಣಿತ ಕೇಳಿಲ್ಲ!” ಎಂದು ನಕ್ಕು, ಅವರು ನನ್ನ ಗಂಡನ ಕಡೆ ತಿರುಗಿದ್ದರು. “ಗಾಡಿ ಮಾರಿದವರು ನೀವು. ಮೀಟರಲ್ಲಿ ಅಂಥ ದೋಷ ಏನಾದ್ರೂ ಇತ್ತಾ?”

“ದೋಷ ಇರೋ ಗಾಡಿ ನನ್ನ ಅಂಗಡಿ ಬಾಗಿಲು ದಾಟಲ್ಲ ಸಾರ್. ಕಂಪನಿಯಿಂದ ಹೇಗೆ ಬಂತೋ ಹಾಗೇ ಕೊಟ್ಟಿದ್ದೀನಿ. ಅದೂ ಸ್ವಂತ ನಾದಿನಿಗೆ!”

ಮುಳ್ಳಿಗೆ ಸುಳ್ಳು ಹೇಳಿ ಏನಾಗಬೇಕು ಎಂಬ ಮಾತು ಬಂದದ್ದು ಆಗ. ಗಂಡ ತಲೆಯಾಡಿಸಿದ್ದೂ ಆಗಲೇ. ಆರರಲ್ಲಿ ಒಂದು ಪಾಲು ಎಂದು ತಂಗಿ ಹೇಳಿದ ಕ್ಷಣವೇ ನನಗೆ ಎಲ್ಲವೂ ತಿಳಿದುಹೋಗಿತ್ತು.

ಬರುವ ಗುರುವಾರ ಹಿಂದಿನ ಶೆಡ್ಡಿನಲ್ಲಿ ಬೈಕನ್ನೇ ಪರೀಕ್ಷಿಸಿ ಆದೇಶ ಬರೆಯುವುದಾಗಿ ಹೇಳಿ ಅಧಿಕಾರಿ ಎದ್ದರು.

ಪೇಟೆಯಲ್ಲಿ ನನ್ನ ಗಂಡನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ನೂರೈವತ್ತು’ ಎನ್ನುತ್ತಾರೆ. ಅವರದು ಮಧ್ಯಮ ಗಾತ್ರದ ಹಳೆಯ ಬೈಕುಗಳನ್ನು ಕೊಂಡು ಮಾರುವ ಅಂಗಡಿ. ಅಲ್ಲಿ ನಿಲ್ಲಿಸಿದ ಯಾವ ಬೈಕನ್ನು ತೆಗೆದುಕೊಂಡು ಹಿಂದಿನ ನೇರ ರಸ್ತೆಯಲ್ಲಿ ಓಡಿಸಿದರೂ ಮುಳ್ಳು ನೂರೈವತ್ತು ಮುಟ್ಟುತ್ತದೆ ಎಂಬುದು ಪ್ರಸಿದ್ಧಿ. ಗಿರಾಕಿ ಕಣ್ಣರಳಿಸಿಕೊಂಡು ಹಿಂದಿರುಗುತ್ತಾನೆ. ‘ಮುಟ್ತಾ?’ ಎಂದು ಇವರು ಕೇಳುತ್ತಾರೆ. ‘ಮುಟ್ತು!’ ಎನ್ನುತ್ತಾನೆ ಅವನು. ವ್ಯಾಪಾರ ಮುಗಿಯಿತು.

ಸಣ್ಣ ಬೈಕಿನವನು ವೇಗ ಕೇಳುವುದಿಲ್ಲ, ಮೈಲೇಜು ಕೇಳುತ್ತಾನೆ. ದೊಡ್ಡ ಬೈಕಿನವನಿಗೆ ಕೇಳುವ ಅಗತ್ಯವೇ ಇಲ್ಲ. ‘ಎಷ್ಟು ಓಡುತ್ತೆ?’ ಎಂದು ಹಸಿದವನಂತೆ ಕೇಳುವವನು ಮಧ್ಯದವನು. ಪ್ರಾಮಾಣಿಕನಾದ ಮಾರಾಟಗಾರ ಅವನಿಗೆ ಒಂದೇ ಸಂಖ್ಯೆಯಲ್ಲಿ ಉತ್ತರ ಕೊಡಲಾರ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಸೀಳಿಕೊಂಡು ಹೋಗಲು ಎಂಟರಷ್ಟು ಶಕ್ತಿ ಬೇಕಾಗುತ್ತದೆ. ಮಧ್ಯಮ ಎಂಜಿನ್ನಿನ ಕಸುವು ನೂರು ದಾಟಿದ ಮೇಲೆ ಬಹುಪಾಲು ಗಾಳಿಯನ್ನು ನೂಕುವುದರಲ್ಲೇ ಸವೆದುಹೋಗುತ್ತದೆ. ಸವಾರ ಎದೆಯುಬ್ಬಿಸಿ ಕುಳಿತರೆ ಒಂದು ವೇಗ, ಟ್ಯಾಂಕಿನ ಮೇಲೆ ಬಾಗಿದರೆ ಇನ್ನೊಂದು. ಅಂಗಿ ಪಟಪಟಿಸಿದರೆ, ಹಿಂದೆ ಪೆಟ್ಟಿಗೆ ಕಟ್ಟಿದರೆ, ಎದುರುಗಾಳಿ ಬೀಸಿದರೆ, ಏರು ಬಂದರೆ, ಟೈರಿನಲ್ಲಿ ಗಾಳಿ ಕಡಿಮೆಯಾದರೆ, ಚೈನು ಎಣ್ಣೆ ಕಾಣದೆ ಒಣಗಿದ್ದರೆ ಒಂದೊಂದೂ ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಹತ್ತು ವರ್ಷ ಸವೆದ ಎಂಜಿನ್ ಹೊಸದರಂತೆ ಓಡುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನೂರಿಪ್ಪತ್ತೈದು ಓಡುವ ಬೈಕನ್ನು ನೂರಿಪ್ಪತ್ತೈದು ಓಡುತ್ತದೆ ಎಂದು ಹೇಳಿ ಮಾರಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಆದರೆ ನನ್ನ ಗಂಡ ಎಂಜಿನ್ನನ್ನು ಮುಟ್ಟದೆ ಮುಳ್ಳನ್ನು ಮುಟ್ಟಿದರು. ಅಂಗಡಿಯ ಭಾಷೆಯಲ್ಲಿ ಇದಕ್ಕೆ ‘ಮುಳ್ಳು ಏರಿಸುವುದು’ ಎಂದು ಹೆಸರು. ಅವರು ಮಾರುವ ಜಾತಿಯ ಬೈಕಿನಲ್ಲಿ ಮೀಟರು ವೇಗವನ್ನು ಹಿಂದಿನ ಗಾಲಿಯಿಂದ ತಿಳಿಯುವುದಿಲ್ಲ. ಎಂಜಿನ್ನಿನ ಬಳಿ ಚೈನನ್ನು ಎಳೆಯುವ ಸಣ್ಣ ಹಲ್ಲುಚಕ್ರ ಎಷ್ಟು ತಿರುಗಿತು ಎಂಬುದರಿಂದ ಊಹಿಸುತ್ತದೆ. ಹಿಂದಿನ ಗಾಲಿಯ ಹಲ್ಲುಚಕ್ರವನ್ನು ಬಿಚ್ಚಿ, ಅದಕ್ಕಿಂತ ಹೆಚ್ಚು ಹಲ್ಲಿನದನ್ನು ಹಾಕಿಬಿಟ್ಟರೆ, ಮುಂದಿನದು ಮೊದಲಿನಷ್ಟೇ ತಿರುಗಿದರೂ ಗಾಲಿ ಕಡಿಮೆ ಸುತ್ತುತ್ತದೆ. ಮೀಟರಿಗೆ ಅದು ಗೊತ್ತಾಗುವುದಿಲ್ಲ. ಪಾಪ, ಅದು ಹಳೆಯ ಲೆಕ್ಕವನ್ನೇ ಹೇಳುತ್ತಿರುತ್ತದೆ. ಹೊರಡುವಾಗ ಬೈಕು ಜಿಗಿಯುತ್ತದೆ, ಎಂಜಿನ್ ಅಬ್ಬರಿಸುತ್ತದೆ, ಮುಳ್ಳು ಏರುತ್ತದೆ. ರಸ್ತೆಯ ಮೇಲಿನ ನಿಜವಾದ ಗರಿಷ್ಠ ವೇಗ ಮಾತ್ರ ಮೊದಲಿಗಿಂತಲೂ ಇಳಿದಿರುತ್ತದೆ, ಏಕೆಂದರೆ ಎಂಜಿನ್ ತನ್ನ ಸುತ್ತಿನ ಮಿತಿಯನ್ನು ಬೇಗ ಮುಟ್ಟಿ ಅಲ್ಲೇ ಒದ್ದಾಡುತ್ತದೆ. ಹೆಚ್ಚು ಎಂದು ಕೊಟ್ಟು ಇದ್ದದ್ದನ್ನೂ ಕಸಿದುಕೊಳ್ಳುವ ಕಲೆ ಇದು.

ಮೊದಲ ಸಲ ಇದು ತಿಳಿದಾಗ ನಾನು ಸುಮ್ಮನಿರಲಿಲ್ಲ. “ಇದು ಕಳ್ಳತನ” ಎಂದು ಮುಖಕ್ಕೆ ಹೇಳಿದ್ದೆ.

“ಯಾರ ಜೇಬಿಂದ ಏನು ಹೋಯ್ತೇ? ಗಿರಾಕಿಗೆ ಬೇಕಾಗಿರೋದು ಓಟ ಅಲ್ಲ, ಮುಳ್ಳು. ಮುಳ್ಳು ಕೊಡ್ತೀನಿ.”

“ಹಾಗಾದ್ರೆ ನಾಳೆಯಿಂದ ನಾನೂ ಮಕ್ಕಳಿಗೆ ಅಂಕ ಏರಿಸಿ ಕೊಡ್ಲಾ?”

“ಕೊಟ್ಟು ನೋಡು, ನಿನ್ನ ಶಾಲೆ ಮುಂದೆ ಕ್ಯೂ ನಿಲ್ಲುತ್ತೆ!” ಎಂದು ಹೊಟ್ಟೆ ಹಿಡಿದು ನಕ್ಕಿದ್ದರು.

ಅಂದಿನಿಂದ ನಾನು ಆ ಅಂಗಡಿಯ ಹೊಸ್ತಿಲು ತುಳಿದಿಲ್ಲ. ತಂಗಿ ಅಲ್ಲಿ ಬೈಕು ಕೊಂಡಾಗ ಮಾತ್ರ ಒಂದು ಪ್ರಶ್ನೆ ಕೇಳಿದ್ದೆ. “ಮನೆಯವಳ ಗಾಡಿಗೆ ಕೈ ಹಾಕ್ತೀನಾ? ಅಷ್ಟೂ ನಂಬಿಕೆ ಇಲ್ವಾ?” ಎಂದು ನೊಂದವರಂತೆ ಮುಖ ಮಾಡಿದ್ದರು. ಬೇಲಿಯೇ ಎದ್ದು ಹೊಲ ಮೇಯುವಾಗ ನೊಂದುಕೊಳ್ಳುವುದೂ ಬೇಲಿಯೇ!

ಕಚೇರಿಯಿಂದ ನಾವು ನೇರವಾಗಿ ತಾಯಿಯ ಮನೆಗೆ ಹೋದೆವು. ತಂಗಿ ಇರುವುದು ಅಮ್ಮನ ಜೊತೆ. ಅಡುಗೆಮನೆಯಲ್ಲಿ ಅಮ್ಮ ಚಹಾ ಸೋಸುತ್ತಿದ್ದರು. ಕುಳಿತುಕೊಳ್ಳುವ ಮೊದಲೇ ನಾನು ಕೇಳಿದೆ.

“ಎಷ್ಟು ಹಲ್ಲು?”

“ಏನು ಎಷ್ಟು ಹಲ್ಲು?” ಎಂದರು ಗಂಡ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ. ಅವಳ ಬೈಕಿನ ಹಿಂದಿನ ಚಕ್ರಕ್ಕೆ ಎಷ್ಟು ಹಲ್ಲು ಹಾಕಿದ್ರಿ?”

ಅವರು ತಂಗಿಯ ಕಡೆ ನೋಡಿದರು, ಅಮ್ಮನ ಕಡೆ ನೋಡಿದರು, ಕೊನೆಗೆ ಚಹಾದ ಲೋಟದೊಳಗೆ ನೋಡಿದರು. “ನಲವತ್ತೊಂಬತ್ತು.”

“ಕಂಪನಿಯದು?”

“ನಲವತ್ತೊಂದು. ಆದ್ರೆ ಅವಳಿಗೋಸ್ಕರ ಮಾಡಿದ್ದಲ್ಲ ಕಣೇ, ಆಣೆಗೂ! ಮೊದಲೇ ಏರ್ಸಿ ನಿಲ್ಸಿದ್ದ ಗಾಡಿ. ಇವಳು ಬಂದು ಅದೇ ಬೇಕು ಅಂದ್ಲು.”

“ಇಳಿಸಿ ಕೊಡಬಹುದಿತ್ತಲ್ಲ!”

“ಇಳಿಸೋದಾ? ನಾನು ಇವತ್ತಿನವರೆಗೂ ಒಂದನ್ನೂ ಇಳಿಸಿಲ್ಲ.” ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು ಎಂಬುದನ್ನು ಬರೆಯಲು ನನಗೆ ಅಸಹ್ಯವಾಗುತ್ತದೆ.

ತಂಗಿ ಊರುಗೋಲನ್ನು ಗೋಡೆಗೆ ಒರಗಿಸಿದಳು. “ಭಾವ, ಮುಳ್ಳು ಜಾಸ್ತಿ ತೋರ್ಸುತ್ತೆ ಅಂತ ನಾನು ಮೊದಲ ವಾರಾನೇ ಬಂದು ಹೇಳಿದ್ನಲ್ಲ. ನೀವೇನಂದ್ರಿ? ‘ಜಾಸ್ತಿ ತೋರ್ಸಿದ್ರೆ ನಿನಗೇ ಕ್ಷೇಮ ಪುಟ್ಟಿ, ನಿಧಾನವಾಗಿ ಹೋಗ್ತೀಯ’ ಅಂದ್ರಿ. ಇವತ್ತು ಆ ಕ್ಷೇಮ ನನ್ನ ಕತ್ತಿಗೆ ಬಂದಿದೆ. ಸಾಹೇಬರ ಮುಂದೆ ಒಂದು ಮಾತು ಹೇಳಿಬಿಡಿ. ಸಾಕು.”

“ಒಂದು ಮಾತಾ! ನಾನು ಅಲ್ಲಿ ಒಂದು ಮಾತಂದ್ರೆ ನಾಳೆ ಬೆಳಿಗ್ಗೆ ಇಡೀ ಪೇಟೆ ಗಾಡಿ ತಳ್ಕೊಂಡು ಬಂದು ನನ್ನ ಅಂಗಡಿ ಮುಂದೆ ಹಲ್ಲು ಎಣಿಸುತ್ತೆ. ನಂತರ ನನ್ನ ಹಲ್ಲು ಎಣಿಸ್ತಾರೆ. ಪರವಾನಗಿ ಹೋದ್ರೆ ಹೋಗ್ಲಿ ಪುಟ್ಟಿ, ನನ್ನ ಅಂಗಡೀಲೇ ಕೌಂಟರಲ್ಲಿ ಕೂತ್ಕೋ. ಫ್ಯಾನಿದೆ, ಕುರ್ಚಿ ಇದೆ.”

“ನಾನು ಬೈಕ್ ಓಡ್ಸೋಳು ಭಾವ. ನಿಮ್ಮ ಫ್ಯಾನಿನ ಕೆಳಗೆ ಕೂತು ಯಾರಿಗೆ ಮುಳ್ಳು ತೋರಿಸ್ಲಿ?”

ಅಮ್ಮ ಲೋಟಗಳನ್ನು ಸದ್ದಾಗುವಂತೆ ಇಟ್ಟರು. “ಸಾಕು ಮಾಡಿ. ಮನೆ ಮಾತು ಮನೇಲೇ ಇರ್ಲಿ. ಇವಳಿಗೆ ಬೇರೆ ಕೆಲಸ ಸಿಗುತ್ತೆ. ನಿನ್ನ ಗಂಡಂಗೆ ಬೇರೆ ಹೆಸರು ಸಿಗುತ್ತೇನೇ?” ಎಂದು ನನ್ನನ್ನು ಗದರಿಸಿದರು.

“ಅವರ ಹೆಸರೇ ನೂರೈವತ್ತು ಅಮ್ಮ. ಅದೂ ಸುಳ್ಳೇ” ಎಂದೆ.

ಹೆತ್ತ ತಾಯಿಯೇ ಒಬ್ಬ ಮಗಳ ಅನ್ನವನ್ನು ತೆಗೆದು ಇನ್ನೊಬ್ಬ ಮಗಳ ಗಂಡನ ಮರ್ಯಾದೆಗೆ ತೇಪೆ ಹಾಕುವುದನ್ನು ಕಂಡು ನನಗೆ ಮೈ ಉರಿಯಿತು. ಮರ್ಯಾದೆ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ತಪ್ಪು ಮಾಡಿದವನನ್ನು ಕಾಯಲು ಬಳಸುವಷ್ಟು, ತಪ್ಪು ಮಾಡದವಳನ್ನು ಕಾಯಲು ಎಂದೂ ಬಳಸಿಲ್ಲ. ನಾನು ಗಂಡನಿಗೆ ಹೇಳಿದೆ: “ಗುರುವಾರ ನೀವೇ ಬಾಯಿಬಿಟ್ಟು ಹೇಳಿ. ಇಲ್ಲದಿದ್ರೆ ನಾನೇ ಹಲ್ಲು ಎಣಿಸಿ ತೋರಿಸ್ತೀನಿ.”

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಚಹಾ ಕುಡಿದು, ಮೀಸೆ ಒರೆಸಿಕೊಂಡು, “ಎಣಿಸೋಳು ನೀನು, ಎಣಿಸು ಬಿಡು” ಎಂದು ಎದ್ದು ಹೋದರು. ಆ ಶಾಂತಿಯ ಅರ್ಥ ನನಗೆ ಹೊಳೆದದ್ದು ಶೆಡ್ಡಿನಲ್ಲಿ.

ಗುರುವಾರ ತಂಗಿಯೂ ನಾನೂ ಬಸ್ಸಿನಲ್ಲಿ ಬಂದೆವು. ಗಂಡ ಮಾತ್ರ ಅಂಗಡಿಯ ಒಂದು ಬೈಕಿನಲ್ಲಿ, ತಂಗಿಯದೇ ಜಾತಿಯ, ಕೆಂಪು ಬಣ್ಣದ, ಫಳಫಳ ಹೊಳೆಯುವ ಬೈಕಿನಲ್ಲಿ ಗೇಟಿನವರೆಗೂ ಅಬ್ಬರಿಸಿಕೊಂಡು ಬಂದು ಇಳಿದರು. ಮಾರಾಟಕ್ಕಿದೆ ಎಂಬ ಚೀಟಿ ಟ್ಯಾಂಕಿನ ಮೇಲೆ ಹಾಗೆಯೇ ಇತ್ತು. ನ್ಯಾಯದ ಬಾಗಿಲಿಗೂ ಸರಕು ಹೊತ್ತು ತರುವ ಮನುಷ್ಯ!

ಶೆಡ್ಡು ಕಚೇರಿಯ ಹಿಂದೆ, ಚಾಲನೆ ಕಲಿಯುವವರಿಗೆ ಪರೀಕ್ಷೆ ನಡೆಸುವ ಅಂಗಳದ ಪಕ್ಕದಲ್ಲಿತ್ತು. ಜಜ್ಜಿದ ಕಾರುಗಳ ನಡುವೆ ತಂಗಿಯ ಬೈಕು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಮುಂಭಾಗ ಮುದ್ದೆಯಾಗಿತ್ತು, ಹಿಂಭಾಗಕ್ಕೆ ಒಂದು ಗೀರೂ ಆಗಿರಲಿಲ್ಲ. ಅಧಿಕಾರಿ ನನ್ನ ಮಾತನ್ನು ಪೂರ್ತಿಯಾಗಿ ಕೇಳಿದರು. ಅದು ಅವರ ದೊಡ್ಡಗುಣ. ಹಲ್ಲುಚಕ್ರ ದೊಡ್ಡದಾದರೆ ಮುಳ್ಳು ಏಕೆ ಏರುತ್ತದೆ ಎಂಬುದನ್ನು ಅವರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. “ಹಾಗೇನಾದ್ರೂ ಇದ್ರೆ ಇಲ್ಲೇ ಗೊತ್ತಾಗುತ್ತೆ ಬನ್ನಿ. ಎತ್ತು ಕೊಳ್ಳುವಾಗ ಹಲ್ಲು ನೋಡೋದಿಲ್ವಾ, ಹಾಗೇ” ಎಂದು, ಹಿಂದಿನ ಹಲ್ಲುಚಕ್ರದ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಬಗ್ಗಿ ಕುಳಿತು, ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ ಗಟ್ಟಿಯಾಗಿ ಎಣಿಸಿದರು.

“...ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು.”

ಗುರುತು ಮತ್ತೆ ಮೇಲೆ ಬಂದಿತ್ತು.

“ನಲವತ್ತೊಂದು. ಕಂಪನಿಯ ಹಲ್ಲೇ ಇದೆಯಲ್ಲಮ್ಮ!”

ತಂಗಿಯ ಮುಖ ಬಿಳಿಚಿಕೊಂಡಿತು. ನನ್ನ ಗಂಡ ಕೈಕಟ್ಟಿಕೊಂಡು ನಿಂತಿದ್ದರು. “ನಾನು ಹೇಳಿರ್ಲಿಲ್ವಾ ಸಾರ್? ಹೆಂಗಸ್ರು. ತಂಗಿ ಮೇಲಿನ ಪ್ರೀತೀಲಿ ಏನೋ ಹೇಳ್ತಾಳೆ. ಮನಸ್ಸಿಗೆ ಹಚ್ಕೋಬೇಡಿ” ಎಂದರು, ಕ್ಷಮಿಸುವವರ ದನಿಯಲ್ಲಿ.

ನನ್ನನ್ನು ಸುಳ್ಳಿಯೆಂದು ಕರೆದು, ಆ ಸುಳ್ಳಿಗೆ ನನ್ನ ಪ್ರೀತಿಯನ್ನೇ ಕಾರಣವಾಗಿ ಕೊಟ್ಟು, ಮೇಲೆ ದಯೆಯನ್ನೂ ತೋರಿಸಿದ ಆ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಕೋಪಕ್ಕೆ ಕಣ್ಣಿಲ್ಲ ಎನ್ನುತ್ತಾರೆ. ಅಂದು ನನಗೆ ಕಣ್ಣು ಬಂದದ್ದೇ ಕೋಪದಿಂದ. ನಾನು ಗಾಲಿಯನ್ನು ನೋಡಿದೆ. ಗಾಲಿಯ ಅಚ್ಚನ್ನು ಹಿಂದಕ್ಕೆ ಎಷ್ಟು ಎಳೆಯಲು ಸಾಧ್ಯವೋ ಅಷ್ಟೂ ಎಳೆದು ಬಿಗಿದಿತ್ತು. ಆದರೂ ಕೆಳಗಿನ ಚೈನು ಒಣಹಾಕಿದ ಹಗ್ಗದಂತೆ ಜೋತುಬಿದ್ದಿತ್ತು.

ಮೂರು ದಿನಗಳ ಹಿಂದಿನ ಮಾತು ನೆನಪಾಯಿತು: ನಾನು ಒಂದನ್ನೂ ಇಳಿಸಿಲ್ಲ. ಈ ನಡುವೆ ಕದ್ದು ಇಲ್ಲಿಗೆ ಬಂದು ಇದೊಂದನ್ನು ಇಳಿಸಿದ್ದರು. ದೊಡ್ಡ ಹಲ್ಲುಚಕ್ರ ಹಾಕುವಾಗ ಚೈನು ಸಾಲುವುದಿಲ್ಲ. ಅದಕ್ಕೆ ಒಂದು ತುಂಡನ್ನು ಸೇರಿಸಿ, ತುದಿಗಳನ್ನು ಕೂಡಿಸುವ ಕೊಂಡಿಯನ್ನು, ಅಂದರೆ ಇನ್ನೊಂದು ಚೈನ್ ಲಾಕನ್ನು, ಹಾಕಿ ಉದ್ದ ಮಾಡಬೇಕು. ಅದು ಅವರಿಗೆ ಕಣ್ಣು ಮುಚ್ಚಿ ಮಾಡುವ ಕೆಲಸ. ಮತ್ತೆ ಸಣ್ಣದನ್ನು ಹಾಕುವಾಗ ಆ ತುಂಡನ್ನು ತೆಗೆಯಬೇಕು ಎಂಬ ಪಾಠವನ್ನು ಮಾತ್ರ ಅವರ ಕೈ ಎಂದೂ ಕಲಿತಿರಲಿಲ್ಲ. ಏರಿಸಿಯೇ ಬದುಕಿದ ಮನುಷ್ಯನಿಗೆ ಇಳಿಸುವ ವಿದ್ಯೆ ಬಂದೀತೇ?

“ಸಾರ್, ಈ ಚೈನು ಹೀಗಿದ್ರೆ ಗಾಡಿ ಎಷ್ಟು ದೂರ ಹೋಗುತ್ತೆ?” ಎಂದು ಕೇಳಿದೆ.

ಅಧಿಕಾರಿ ಬೆರಳಿನಿಂದ ಚೈನನ್ನು ಎತ್ತಿ ಬಿಟ್ಟರು. ಅದು ಲೊಟಕ್ಕೆಂದು ಕೆಳಗಿನ ಕಬ್ಬಿಣಕ್ಕೆ ಬಡಿಯಿತು. “ಗೇಟು ದಾಟೋದ್ರಲ್ಲಿ ಕಳಚಿ ಬೀಳುತ್ತೆ.”

“ಏಟಿಗೆ ಹಿಗ್ಗಿರುತ್ತೆ ಸಾರ್” ಎಂದರು ಗಂಡ, ತುಸು ಅವಸರದಲ್ಲಿ.

“ಏಟು ಬಿದ್ದದ್ದು ಮುಂದೆ. ಹಿಗ್ಗಿದ್ದು ಹಿಂದೆಯಾ? ಸಾರ್, ಚೈನನ್ನ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಒಂದು ಚೈನಿಗೆ ಒಂದೇ ಲಾಕ್ ಇರಬೇಕು.”

ಅವರು ತಿರುಗಿಸಿದರು. ಒಂದು ಲಾಕ್ ಬಂದಿತು. ಅದರ ಹಿಂದೆಯೇ, ಬಣ್ಣ ಬೇರೆಯಾದ ಗಿಡ್ಡ ತುಂಡೊಂದರ ಆಚೆ, ಇನ್ನೊಂದು ಬಂದಿತು. ಅಧಿಕಾರಿ ಗಾಲಿಯನ್ನು ನಿಲ್ಲಿಸಿ, ಹಲ್ಲುಚಕ್ರದ ಬೋಲ್ಟುಗಳ ಮೇಲೆ ಬೆರಳಾಡಿಸಿದರು. ಸುತ್ತಲೂ ಅಪಘಾತದ ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬೋಲ್ಟುಗಳ ತಲೆ ಮಾತ್ರ ಹೊಸದಾಗಿ ಕೆರೆದು ಬೆಳ್ಳಗಿತ್ತು. ಅವರು ಕೈ ಒರೆಸಿಕೊಂಡು ನಿಧಾನವಾಗಿ ಎದ್ದರು.

“ಸುಳ್ಳು ಹೇಳಿದ್ರೂ ನಿಜದ ತಲೆ ಮೇಲೆ ಹೊಡೆದ ಹಾಗಿರಬೇಕು ಸ್ವಾಮಿ. ಇದೇನು ಹೀಗೆ ಜೋತಾಡ್ತಿದೆ? ಶೆಡ್ಡಿನ ಕಾವಲುಗಾರನ ವಿಚಾರ ನಾನು ಆಮೇಲೆ ನೋಡ್ಕೋತೀನಿ. ಇಲ್ಲಿ ಎಷ್ಟು ಹಲ್ಲಿತ್ತು, ಅದನ್ನ ಹೇಳಿ.”

“ನನಗೇನು ಗೊತ್ತು ಸಾರ್? ಯಾರು ಬಿಚ್ಚಿದ್ರೋ, ಯಾರು ಹಾಕಿದ್ರೋ...”

“ಭಾವ,” ಎಂದಳು ತಂಗಿ. ಅಷ್ಟೇ. ಅವರು ಅವಳ ಕಡೆ ತಿರುಗಲೂ ಇಲ್ಲ.

ಆಗ ನನಗೆ ಗೇಟಿನ ಬಳಿ ನಿಂತ ಕೆಂಪು ಬೈಕು ಕಂಡಿತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಹಿರಿಯರು ಹೇಳಿದ್ದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬಳಸಿದ್ದೇನೆ. ಅದು ಹೀಗೆ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ.

“ಸಾರ್, ಅಲ್ಲಿರೋದು ಇವರ ಅಂಗಡಿಯದೇ ಗಾಡಿ, ಇದೇ ಜಾತಿ. ಅದನ್ನೂ ಕಂಪನಿಯಿಂದ ಬಂದ ಹಾಗೇ ಮಾರ್ತಾರಂತೆ. ನಿಮ್ಮ ಹತ್ರ ವೇಗ ಅಳೆಯೋ ಯಂತ್ರ ಇದೆ, ಪರೀಕ್ಷೆಯ ಅಂಗಳ ಇದೆ. ಇವರೇ ಓಡಿಸಲಿ. ಮುಳ್ಳಲ್ಲಿ ಎಷ್ಟು ಬರುತ್ತೆ, ಯಂತ್ರದಲ್ಲಿ ಎಷ್ಟು ಬರುತ್ತೆ, ನೋಡೇಬಿಡಿ.”

“ಮುಳ್ಳಲ್ಲಿ ಎಷ್ಟು ಬಂತು ಅಂತ ಇವರ ಬಾಯಿಂದಲೇ ಕೇಳ್ಬೇಕಾ?” ಎಂದು ಅಧಿಕಾರಿ ಹುಬ್ಬೇರಿಸಿದರು. ಆ ಬಾಯಿಯ ಬೆಲೆ ಅವರಿಗೂ ತಿಳಿದುಹೋಗಿತ್ತು.

“ಬೇಡ ಸಾರ್. ನಾನು ಹಿಂದೆ ಕೂತು ಓದ್ತೀನಿ.”

ಗಂಡ ನನ್ನನ್ನು ಬದಿಗೆ ಎಳೆದರು. “ಏ, ತಲೆ ಕೆಟ್ಟಿದೆಯಾ ನಿನಗೆ? ಕಟ್ಕೊಂಡ ಗಂಡನ ಬೆನ್ನಿಗೆ ಕೂತು ಚೂರಿ ಹಾಕ್ತೀಯಾ?”

“ಚೂರಿ ಅಲ್ಲ ರೀ. ಮುಳ್ಳು. ಹತ್ತಿ.”

ಕೈಗೆ ಹಿಡಿಯುವ ವೇಗಯಂತ್ರವನ್ನು ತರಿಸಿಕೊಂಡು, ಅಧಿಕಾರಿ ಅಂಗಳದ ಆಚೆ ತುದಿಯಲ್ಲಿ ನಿಂತರು. ಒಲ್ಲೆ ಎನ್ನುವುದು ತಪ್ಪೊಪ್ಪಿಗೆಗಿಂತಲೂ ಕೆಟ್ಟದಾಗಿ ಕಾಣುತ್ತಿತ್ತು. ಆದ್ದರಿಂದ ಗಂಡ ಹತ್ತಿದರು. ಎಷ್ಟೋ ವರ್ಷಗಳಾದ ಮೇಲೆ ನಾನು ಅವರ ಬೆನ್ನ ಹಿಂದೆ ಕುಳಿತೆ. ಮದುವೆಯಾದ ಹೊಸತರಲ್ಲಿ ಹಾಗೆ ಕುಳಿತಾಗ ಭುಜದ ಮೇಲಿನಿಂದ ರಸ್ತೆ ನೋಡುತ್ತಿದ್ದೆ. ಅಂದು ಮೀಟರು ನೋಡಿದೆ.

“ಇಳಿದುಬಿಡೇ. ಇನ್ನೂ ಕಾಲ ಮಿಂಚಿಲ್ಲ” ಎಂದು ಅವರು ಮುಂದೆ ನೋಡಿಕೊಂಡೇ ಗೊಣಗಿದರು. “ಅಂಗಡಿ ಮುಳುಗಿದ್ರೆ ನೀನೂ ಮುಳುಗ್ತೀಯ.”

“ಓಡಿಸಿ.”

ಬೈಕು ಹೊರಟಿತು. ಹೊರಟ ರಭಸಕ್ಕೆ ನಾನು ಹಿಂದಕ್ಕೆ ವಾಲಿದೆ; ಆ ಹುಸಿ ಜಿಗಿತಕ್ಕೇ ಗಿರಾಕಿಗಳು ಮರುಳಾಗುವುದು. ಮುಳ್ಳು ನಲವತ್ತು ದಾಟಿತು, ಐವತ್ತಕ್ಕೆ ಬಂದಿತು. ಅಲ್ಲಿ ಅವರು ಕೈ ಸಡಿಲಿಸಿದರು.

“ಕಡಿಮೆ ಮಾಡ್ಬೇಡಿ. ಅರವತ್ತಕ್ಕೇ ಇಡಿ.”

“ಬ್ರೇಕ್ ಹೊಡೀತೀನಿ ನೋಡು.”

“ಹೊಡೀರಿ. ಮತ್ತೆ ಮೊದಲಿಂದ ಓಡಿಸ್ತೀನಿ. ನಾಳೆಯೂ ಬರ್ತೀನಿ.”

ಅವರ ಭುಜ ನನ್ನ ಕೈಯ ಕೆಳಗೆ ಕುಸಿದದ್ದು ನನಗೆ ತಿಳಿಯಿತು. ಎಂಜಿನ್ ಮತ್ತೆ ಅಬ್ಬರಿಸಿತು. ಮುಳ್ಳು ಮೇಲೇರಿ, ಒಂದೆರಡು ಸಲ ನಡುಗಿ, ನಿಂತಿತು. ಅಂಗಳದ ಈ ತುದಿಯಿಂದ ಆ ತುದಿಗೆ ಕೇಳುವಂತೆ, ಗದ್ದಲದ ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ನಾನು ಓದಿದೆ.

“ಅರವತ್ತು!”

ಅಧಿಕಾರಿ ಯಂತ್ರವನ್ನು ನೋಡಿದರು. ಅದನ್ನು ನಮ್ಮ ಕಡೆಗಲ್ಲ, ಬೇಲಿಗೆ ಒರಗಿ ನಿಂತಿದ್ದ ನನ್ನ ತಂಗಿಯ ಕಡೆ ತಿರುಗಿಸಿ ತೋರಿಸಿದರು.

“ಐವತ್ತು” ಎಂದಳು ಅವಳು. ಕೂಗಲಿಲ್ಲ. ದಿನವೂ ಸೇತುವೆಯ ಬಳಿ ಓದಿ ಬಾಯಿಪಾಠವಾದ ಸಂಖ್ಯೆ ಅದು.

ಅಧಿಕಾರಿ ಆದೇಶವನ್ನು ಅಂದೇ ಬರೆದರು. ತಂಗಿಯ ಪರವಾನಗಿ ಉಳಿಯಿತು. ದೀಪವಿಲ್ಲದೆ ನುಗ್ಗಿದ ಲಾರಿಯ ಮೇಲೆ ಹೊಸ ವಿಚಾರಣೆ ಶುರುವಾಯಿತು. ಶೆಡ್ಡಿಗೆ ನುಗ್ಗಿ ಸಾಕ್ಷ್ಯ ಕೆಡಿಸಿದ್ದಕ್ಕೂ, ಮೀಟರು ಕೆಡಿಸಿ ಮಾರಿದ್ದಕ್ಕೂ ನನ್ನ ಗಂಡನಿಗೆ ಅದೇ ಕುರ್ಚಿಯಲ್ಲಿ ಕುಳ್ಳಿರಿಸಿ ನೋಟೀಸು ಕೊಟ್ಟರು. “ಮುಳ್ಳಿಗೆ ಹೊಟ್ಟೆಪಾಡಿಲ್ಲ ಅಂದಿದ್ದೆ, ತಪ್ಪಾಯ್ತಮ್ಮ. ಅದರ ಹಿಂದೆ ಇರೋರಿಗೆ ಇರುತ್ತೆ” ಎಂದು ತಂಗಿಗೆ ಕೈಮುಗಿದರು. ಅವಳು ಊರುಗೋಲು ಸರಿಮಾಡಿಕೊಂಡಳು.

ನಾವು ಹೊರಗೆ ಬಂದಾಗ ಗಂಡ ಗೇಟಿನ ಬಳಿ ಕೆಂಪು ಬೈಕನ್ನು ಚಾಲೂ ಮಾಡಿಕೊಂಡು ನಿಂತಿದ್ದರು. ಮಾರಾಟದ ಚೀಟಿ ಟ್ಯಾಂಕಿನ ಮೇಲೆ ಇರಲಿಲ್ಲ. ಕಿತ್ತ ಗುರುತು ಮಾತ್ರ ಇತ್ತು. ತಂಗಿಯ ಮುಖ ನೋಡುವ ಧೈರ್ಯ ಅವರಿಗಾಗಲಿಲ್ಲ. ನನ್ನ ಕಡೆ ನೋಡಿ, ಏನೂ ಆಗದವರಂತೆ ಹಿಂದಿನ ಸೀಟನ್ನು ತಟ್ಟಿದರು.

“ಆಗಿದ್ದಾಯ್ತು. ಹತ್ತು, ಮನೆಗೆ ಹೋಗೋಣ.”

“ಮೊದಲು ಅದರ ಹಲ್ಲು ಇಳ್ಸಿ. ಅಂಗಡೀಲಿ ನಿಂತಿರೋ ಅಷ್ಟೂ ಗಾಡಿಯದು ಇಳ್ಸಿ. ಮಾರಿದವರನ್ನೆಲ್ಲ ಕರೆದು ಇಳಿಸಿಕೊಡಿ. ಹತ್ತೋ ಮಾತು ಆಮೇಲೆ.”

“ನನಗೆ ಇಳಿಸೋಕೆ ಬರಲ್ಲ ಅಂತ ಇಡೀ ಕಚೇರಿ ಮುಂದೆ ತೋರಿಸ್ದೆಯಲ್ಲ” ಎಂದರು. ಅದು ಅರ್ಧ ಕುಹಕ, ಅರ್ಧ ಅಳು.

“ಕಲೀರಿ. ಚೈನಿನ ತುಂಡು ತೆಗೆಯೋದು ಮರೀಬೇಡಿ” ಎಂದು ಹೇಳಿ, ನಾನು ತಂಗಿಯ ತೋಳು ಹಿಡಿದುಕೊಂಡು ಬಸ್ಸಿನ ನಿಲ್ದಾಣದ ಕಡೆ ಹೆಜ್ಜೆ ಹಾಕಿದೆ.